ಹಲವು ಸುರುಳಿಗಳ ಟ್ರಾನ್ಸ್‌ಫಾರ್ಮರ್‌ಗೆ ವೈರಿಂಗ್ ಮಾಡುವ ಕ್ರಮ

ಎರಡು ಪ್ರೈಮರಿ (ಮೇನ್ಸ್‌ಗೆ ಜೋಡಿಸುವ) ಸುರುಳಿ ಮತ್ತು ಎರಡು ಸೆಕೆಂಡರಿ (ಹೊರಕ್ಕೆ ವೋಲ್ಟೇಜು ಕೊಡುವ) ಸುರುಳಿ ಇರುವ ಟ್ರಾನ್ಸ್‌ಫಾರ್ಮರ್‌ನಿಂದ ಎಂಟು ತಂತಿಗಳು ಹೊರಬರುತ್ತವೆ. ಪ್ರೈಮರಿಗಳನ್ನು ಸರಣಿಯಲ್ಲಿ ಜೋಡಿಸಿದರೆ ಅದು 230 ವೋಲ್ಟ್ ಮೇನ್ಸ್‌ಗೆ ಒಗ್ಗುತ್ತದೆ, ಸಮಾಂತರವಾಗಿ ಜೋಡಿಸಿದರೆ 115 ವೋಲ್ಟ್‌ಗೆ ಒಗ್ಗುತ್ತದೆ. ಸೆಕೆಂಡರಿಗಳ ಜೋಡಣೆಗೆ ತಕ್ಕಂತೆ 12 ವೋಲ್ಟ್, 24 ವೋಲ್ಟ್ ಅಥವಾ 12-0-12 ವೋಲ್ಟ್ ದೊರೆಯುತ್ತದೆ. ಒಂದೇ ಮಾದರಿಯನ್ನು ಹಲವು ಕೆಲಸಗಳಿಗೆ ಬಳಸಲೆಂದೇ ತಯಾರಕರು ಹೀಗೆ ಸುತ್ತುತ್ತಾರೆ. ಆದರೆ ಎಂಟು ತಂತಿಗಳಲ್ಲಿ ಎರಡು ಅದಲುಬದಲಾದರೂ ಸಾಕು, ಉಪಕರಣ ಕೆಲವೇ ನಿಮಿಷಗಳಲ್ಲಿ ಸುಟ್ಟುಹೋಗಬಹುದು. ಆದ್ದರಿಂದ ಯಾವ ತಂತಿ ಯಾವ ಸುರುಳಿಯದು, ಯಾವ ತುದಿ ಆರಂಭದ್ದು, ಯಾವುದು ಕೊನೆಯದು ಎಂಬ ವಿಚಾರಣೆಯನ್ನೆಲ್ಲ ಮೇನ್ಸ್ ವಿದ್ಯುತ್ತು ಟ್ರಾನ್ಸ್‌ಫಾರ್ಮರನ್ನು ಮುಟ್ಟುವ ಮೊದಲೇ, ಕಡಿಮೆ ವೋಲ್ಟೇಜಿನಲ್ಲಿ ಮುಗಿಸಿಬಿಡಬೇಕು.

ಮುಂದಿನ ವಿವರಣೆಗೆ ಒಂದು ಸಾಮಾನ್ಯ ಉದಾಹರಣೆಯನ್ನು ಇಟ್ಟುಕೊಳ್ಳೋಣ: 50 ವಿಎ (ವೋಲ್ಟ್-ಆಂಪಿಯರ್) ಸಾಮರ್ಥ್ಯ, ತಲಾ 115 ವೋಲ್ಟ್‌ನ ಎರಡು ಪ್ರೈಮರಿಗಳು, ತಲಾ 12 ವೋಲ್ಟ್‌ನ ಎರಡು ಸೆಕೆಂಡರಿಗಳು. ಇಂಥ ಟ್ರಾನ್ಸ್‌ಫಾರ್ಮರ್‌ನಲ್ಲಿ ಪ್ರತಿ ಪ್ರೈಮರಿಯ ರೋಧ ಸುಮಾರು 20 ಓಮ್, ಪ್ರತಿ ಸೆಕೆಂಡರಿಯ ರೋಧ 0.2 ಓಮ್‌ನ ಆಸುಪಾಸು ಇರಬಹುದು. ಪ್ರತಿ ಸೆಕೆಂಡರಿ ಸುಮಾರು 2 ಆಂಪಿಯರ್ ಕೊಡಬಲ್ಲದು.

ಚುಕ್ಕೆಯ ಅರ್ಥ

ನಕ್ಷೆಗಳಲ್ಲಿ ಪ್ರತಿ ಸುರುಳಿಯ ಒಂದು ತುದಿಗೆ ಒಂದು ಚುಕ್ಕೆ ಇಟ್ಟಿರುತ್ತಾರೆ. ಎಲ್ಲ ಸುರುಳಿಗಳೂ ಒಂದೇ ಕೋರ್‌ನ (ಕಬ್ಬಿಣದ ತಿರುಳಿನ) ಮೇಲಿರುವುದರಿಂದ, ಒಂದು ಸುರುಳಿಯ ಚುಕ್ಕೆಯ ತುದಿ ಯಾವ ಕ್ಷಣದಲ್ಲಿ ಧನವಾಗಿರುತ್ತದೆಯೋ ಅದೇ ಕ್ಷಣದಲ್ಲಿ ಉಳಿದೆಲ್ಲ ಸುರುಳಿಗಳ ಚುಕ್ಕೆಯ ತುದಿಗಳೂ ಧನವಾಗಿರುತ್ತವೆ. ಚುಕ್ಕೆ ಹೇಳುವುದು ಇಷ್ಟನ್ನೇ. ಅದಕ್ಕೂ ಫೇಸ್ ಅಥವಾ ನ್ಯೂಟ್ರಲ್‌ಗೂ ಸಂಬಂಧವಿಲ್ಲ. ಸರಣಿ ಜೋಡಣೆಯಲ್ಲಿ ಒಂದು ಸುರುಳಿಯ ಚುಕ್ಕೆಯಿಲ್ಲದ ತುದಿಯನ್ನು ಮತ್ತೊಂದರ ಚುಕ್ಕೆಯ ತುದಿಗೆ ಸೇರಿಸಬೇಕು. ಸಮಾಂತರ ಜೋಡಣೆಯಲ್ಲಿ ಚುಕ್ಕೆಗೆ ಚುಕ್ಕೆಯನ್ನೂ, ಚುಕ್ಕೆಯಿಲ್ಲದ ತುದಿಗೆ ಚುಕ್ಕೆಯಿಲ್ಲದ ತುದಿಯನ್ನೂ ಸೇರಿಸಬೇಕು.

ಈ ನಿಯಮ ತಪ್ಪಿದಾಗ ಎಷ್ಟು ಹಾನಿಯಾಗುತ್ತದೆ ಎಂಬುದು ತಪ್ಪು ಎಲ್ಲಿ ನಡೆಯಿತು ಎಂಬುದನ್ನು ಅವಲಂಬಿಸಿದೆ. ಸೆಕೆಂಡರಿಗಳನ್ನು ತಿರುವುಮುರುವಾಗಿ ಸರಣಿಯಲ್ಲಿ ಸೇರಿಸಿದರೆ 12 ವೋಲ್ಟ್‌ನಿಂದ 12 ವೋಲ್ಟ್ ಕಳೆದು ಸೊನ್ನೆ ಬರುತ್ತದೆ. ಮೀಟರ್ ಏನನ್ನೂ ತೋರಿಸುವುದಿಲ್ಲ, ಏನೂ ಸುಡುವುದಿಲ್ಲ. ಪ್ರೈಮರಿಗಳಲ್ಲಿ ಅದೇ ತಪ್ಪಾದರೆ ಕಥೆಯೇ ಬೇರೆ. ಮೇನ್ಸ್ ಕರೆಂಟನ್ನು ಸಾಮಾನ್ಯವಾಗಿ ತಡೆದು ಹಿಡಿಯುವುದು ಕೋರ್‌ನಲ್ಲಿ ಹುಟ್ಟುವ ಕಾಂತೀಯ ಫ್ಲಕ್ಸ್. ಎರಡು ಅರ್ಧಗಳು ಒಂದನ್ನೊಂದು ವಿರೋಧಿಸಿದಾಗ ಆ ಫ್ಲಕ್ಸೇ ಇಲ್ಲವಾಗಿ, ತಡೆಯಲು ಉಳಿಯುವುದು ಬಹುಮಟ್ಟಿಗೆ ತಾಮ್ರದ 40 ಓಮ್ ರೋಧ ಮಾತ್ರ. 230 ವೋಲ್ಟನ್ನು 40ರಿಂದ ಭಾಗಿಸಿದರೆ 5.75 ಆಂಪಿಯರ್, ಅಂದರೆ 0.22 ಆಂಪಿಯರ್‌ಗೆಂದು ಸುತ್ತಿದ ತಂತಿಯಲ್ಲಿ ಅದರ ಇಪ್ಪತ್ತೈದು ಪಟ್ಟಿಗೂ ಹೆಚ್ಚು ಕರೆಂಟು. ಅಂಗೈಯಗಲದ ವಸ್ತುವಿನೊಳಗೆ ಸಾವಿರ ವ್ಯಾಟ್‌ಗಿಂತ ಹೆಚ್ಚು ಶಾಖ ಹುಟ್ಟುತ್ತದೆ. ಇದು ನಡೆಯಲು ಸೆಕೆಂಡರಿಗೆ ಲೋಡ್ (ಕರೆಂಟು ಎಳೆಯುವ ಉಪಕರಣ) ಇರಬೇಕೆಂದೇನೂ ಇಲ್ಲ.

ಸೆಕೆಂಡರಿಗಳನ್ನು ತಪ್ಪಾಗಿ ಸಮಾಂತರ ಜೋಡಿಸುವುದೂ ಅಷ್ಟೇ ಕೆಟ್ಟದ್ದು. ಹೊರಗಿನಿಂದ ನೋಡಲು ಅವು ಸಮಾಂತರವಾಗಿದ್ದರೂ ಆ ಕುಣಿಕೆಯೊಳಗೆ ಎರಡು ವೋಲ್ಟೇಜುಗಳು ಕೂಡಿಕೊಂಡು 24 ವೋಲ್ಟ್ ಶಾರ್ಟ್ ಆಗಿರುತ್ತದೆ. ಸುರುಳಿಗಳ ರೋಧದ ಜೊತೆಗೆ ಪ್ರೈಮರಿಯ ರೋಧವೂ ಸುತ್ತುಗಳ ಅನುಪಾತದ ವರ್ಗಕ್ಕೆ ತಕ್ಕಂತೆ ಇಳಿದು ಅಲ್ಲಿ ಸೇರುವುದರಿಂದ ಒಟ್ಟು ಸುಮಾರು 0.9 ಓಮ್ ಆಗುತ್ತದೆ. 2 ಆಂಪಿಯರ್‌ನ ಸುರುಳಿಯಲ್ಲಿ 25 ಆಂಪಿಯರ್‌ಗೂ ಮಿಕ್ಕಿ ಹರಿಯುತ್ತದೆ.

ಸುರುಳಿಗಳನ್ನು ಗುರುತಿಸುವುದು

ಮೈಮೇಲೆ ನಕ್ಷೆ ಅಂಟಿಸಿದ್ದರೆ ಅದನ್ನು ಅನುಸರಿಸಬೇಕು, ಆದರೂ ಅಳತೆಯಿಂದ ಖಚಿತಪಡಿಸಿಕೊಳ್ಳಬೇಕು. ತಂತಿಯ ಬಣ್ಣಗಳನ್ನು ನಂಬಿ ಕೆಲಸ ಆರಂಭಿಸುವುದು ನನಗೆ ಸರಿಕಾಣುವುದಿಲ್ಲ, ಏಕೆಂದರೆ ಎಲ್ಲ ತಯಾರಕರೂ ಪಾಲಿಸುವ ಒಂದೇ ಬಣ್ಣದ ಪದ್ಧತಿ ಇಲ್ಲ. ಹಳೆಯ ಅಮೆರಿಕನ್ ವಾಲ್ವ್ ರೇಡಿಯೊಗಳ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಪ್ರೈಮರಿಗೆ ಕಪ್ಪು, ಹೈ ವೋಲ್ಟೇಜ್ ಸುರುಳಿಗೆ ಕೆಂಪು, ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ) ವಾಲ್ವಿನ ಫಿಲಮೆಂಟಿಗೆ ಹಳದಿ, ಉಳಿದ ಫಿಲಮೆಂಟುಗಳಿಗೆ ಹಸಿರು ಎಂಬ ರೂಢಿ ಇತ್ತು. ಅಲ್ಲಿಯೂ ದುರಸ್ತಿಯಲ್ಲಿ ತಂತಿ ಬದಲಾಗಿರುವ ಸಾಧ್ಯತೆ ಇದ್ದೇ ಇದೆ.

ಎಲ್ಲ ತಂತಿಗಳನ್ನೂ ಒಂದಕ್ಕೊಂದು ತಾಗದಂತೆ ಹರಡಿ, ಮಲ್ಟಿಮೀಟರನ್ನು ಓಮ್ ಅಳತೆಗೆ ಇಟ್ಟು, ಯಾವ ಯಾವ ತಂತಿಗಳ ನಡುವೆ ಸಂಪರ್ಕವಿದೆ ಎಂದು ನೋಡಿ ಕಾಗದದ ಮೇಲೆ ಬರೆದುಕೊಳ್ಳಬೇಕು. ಹೆಚ್ಚು ರೋಧದ ಜೋಡಿಗಳು ಹೆಚ್ಚು ವೋಲ್ಟೇಜಿನ ಸುರುಳಿಗಳು. 1 ಓಮ್‌ಗಿಂತ ಕಡಿಮೆ ಇರುವಲ್ಲಿ ಮೀಟರಿನ ತಂತಿಗಳ ರೋಧವೇ ಅಳತೆಯನ್ನು ನುಂಗಿಬಿಡುತ್ತದೆಯಾದ್ದರಿಂದ ಮೊದಲು ಎರಡು ಪ್ರೋಬ್‌ಗಳನ್ನು ಒಂದಕ್ಕೊಂದು ಮುಟ್ಟಿಸಿ ಬರುವ ಅಂಕಿಯನ್ನು ಆಮೇಲೆ ಕಳೆಯಬೇಕು. ಮೂರು ತಂತಿಗಳ ನಡುವೆ ಸಂಪರ್ಕ ಕಂಡರೆ ಅದು ಟ್ಯಾಪ್ (ನಡುವಿನಿಂದ ಹೊರತೆಗೆದ ತಂತಿ) ಇರುವ ಸುರುಳಿ: ಅತಿ ಹೆಚ್ಚು ರೋಧ ತೋರಿಸುವ ಜೋಡಿಯೇ ಎರಡು ತುದಿಗಳು, ಮೂರನೆಯದು ನಡುವಿನ ಟ್ಯಾಪ್. ಎಲ್ಲ ತಂತಿಗಳೂ ಒಂದಕ್ಕೊಂದು ಸಂಪರ್ಕ ತೋರಿಸಿದರೆ ಅದು ಒಂದೇ ಸುರುಳಿಯ ಆಟೋ ಟ್ರಾನ್ಸ್‌ಫಾರ್ಮರ್ ಆಗಿರಬಹುದು. ಅದು ಮೇನ್ಸ್‌ನಿಂದ ಪ್ರತ್ಯೇಕತೆಯನ್ನು ಕೊಡುವುದಿಲ್ಲವಾದ್ದರಿಂದ ಈ ಕೆಲಸಕ್ಕೆ ಬೇಡ. ಯಾವುದಕ್ಕೂ ಸಂಪರ್ಕವಿಲ್ಲದ ಒಂಟಿ ತಂತಿ ಸಾಮಾನ್ಯವಾಗಿ ಪ್ರೈಮರಿ ಮತ್ತು ಸೆಕೆಂಡರಿಗಳ ನಡುವಿನ ಲೋಹದ ಹಾಳೆಯದು, ಅಂದರೆ ಸ್ಕ್ರೀನ್‌ನದು; ಅದನ್ನು ಅರ್ಥ್‌ಗೆ ಸೇರಿಸಬೇಕು.

ಒಂದೇ ವೋಲ್ಟೇಜಿನ ಎರಡು ಸುರುಳಿಗಳು 19 ಮತ್ತು 22 ಓಮ್ ಎಂದು ಬೇರೆ ಬೇರೆ ರೋಧ ತೋರಿಸಿದರೆ ಗಾಬರಿಪಡಬೇಕಿಲ್ಲ. ಒಳಪದರದ ಮೇಲೆ ಹೊರಪದರವನ್ನು ಸುತ್ತಿದಾಗ ಪ್ರತಿ ಸುತ್ತಿನ ಸುತ್ತಳತೆ ಹೆಚ್ಚುತ್ತದೆ. ಸುತ್ತುಗಳ ಸಂಖ್ಯೆ ಒಂದೇ ಆದರೂ ಹೊರಗಿನ ಸುರುಳಿಗೆ ತಂತಿ ಹೆಚ್ಚು ಬೇಕಾಗುತ್ತದೆ. ವೋಲ್ಟೇಜನ್ನು ನಿರ್ಧರಿಸುವುದು ಸುತ್ತುಗಳ ಸಂಖ್ಯೆಯಾದ್ದರಿಂದ, ಸುರುಳಿಗಳು ಸಮವೇ ಎಂಬುದನ್ನು ಓಮ್ ಅಳತೆಯಿಂದ ತೀರ್ಮಾನಿಸಲಾಗದು.

ಹಳೆಯ ಟ್ರಾನ್ಸ್‌ಫಾರ್ಮರ್ ಆದರೆ 500 ವೋಲ್ಟ್‌ನ ಮೆಗ್ಗರ್‌ನಿಂದ (ಇನ್ಸುಲೇಶನ್ ಅಳೆಯುವ ಮೀಟರಿನಿಂದ) ಪ್ರೈಮರಿ ಮತ್ತು ಸೆಕೆಂಡರಿಗಳ ನಡುವೆ, ಹಾಗೆಯೇ ಪ್ರತಿ ಸುರುಳಿ ಮತ್ತು ಕೋರ್‌ನ ನಡುವೆ ಇನ್ಸುಲೇಶನ್ ಪರೀಕ್ಷಿಸಬೇಕು. ಸಾಮಾನ್ಯ ಮಲ್ಟಿಮೀಟರ್ ಕೆಲವೇ ವೋಲ್ಟ್‌ಗಳಲ್ಲಿ ಅಳೆಯುವುದರಿಂದ ಅದು ಇಲ್ಲಿ ಸಾಲದು.

ಕಡಿಮೆ ವೋಲ್ಟೇಜಿನಲ್ಲಿ ಚುಕ್ಕೆ ಹುಡುಕುವುದು

ಇದಕ್ಕೆ ಬೇಕಾದದ್ದು 12 ವೋಲ್ಟ್ ಎಸಿ ಕೊಡುವ ಮತ್ತೊಂದು ಚಿಕ್ಕ ಟ್ರಾನ್ಸ್‌ಫಾರ್ಮರ್ ಮತ್ತು ಅದರ ಹೊರದಾರಿಯಲ್ಲಿ ಅರ್ಧ ಆಂಪಿಯರ್‌ನ ಒಂದು ಫ್ಯೂಸ್. ಡಿಸಿ ಕೊಡುವ ಅಡಾಪ್ಟರ್ ಇಲ್ಲಿ ನಡೆಯುವುದಿಲ್ಲ. ಈ 12 ವೋಲ್ಟನ್ನು ಕಡ್ಡಾಯವಾಗಿ ಪ್ರೈಮರಿಗೆ, ಅಂದರೆ ಹೆಚ್ಚು ರೋಧದ ಸುರುಳಿಗೇ ಕೊಡಬೇಕು. ಮರೆತು ಸೆಕೆಂಡರಿಗೆ ಕೊಟ್ಟರೆ ಪ್ರೈಮರಿಗಳ ತೆರೆದ ತುದಿಗಳಲ್ಲಿ ನೂರಕ್ಕೂ ಹೆಚ್ಚು ವೋಲ್ಟ್ ಎದ್ದು ನಿಲ್ಲುತ್ತದೆ, ಕಡಿಮೆ ವೋಲ್ಟೇಜಿನಲ್ಲಿ ಕೆಲಸ ಮಾಡುತ್ತಿದ್ದೇವೆಂಬ ನಂಬಿಕೆಯಲ್ಲಿ ಕೈ ಅಲ್ಲಿಗೇ ಹೋಗುತ್ತದೆ.

ಮೊದಲ ಪ್ರೈಮರಿಯನ್ನು ‘ಅ’ ಎಂದೂ ಎರಡನೆಯದನ್ನು ‘ಆ’ ಎಂದೂ ಕರೆಯೋಣ. ‘ಅ’ಗೆ 12 ವೋಲ್ಟ್ ಕೊಟ್ಟಾಗ ‘ಆ’ದಲ್ಲಿಯೂ ಸುಮಾರು 12 ವೋಲ್ಟ್ ಕಾಣಬೇಕು. ಪ್ರತಿ ಸೆಕೆಂಡರಿಯಲ್ಲಿ ಸುಮಾರು 1.4 ವೋಲ್ಟ್ ಕಾಣುತ್ತದೆ. 12 ವೋಲ್ಟ್‌ನ ಸುರುಳಿಗೆ ಲೆಕ್ಕದ ಪ್ರಕಾರ 1.25 ಬರಬೇಕಿತ್ತಲ್ಲವೇ ಎಂದು ಅನ್ನಿಸಬಹುದು. ಮೈಮೇಲೆ ಬರೆದ ವೋಲ್ಟೇಜು ಪೂರ್ಣ ಲೋಡಿನದಾಗಿದ್ದು, ಲೋಡಿನಲ್ಲಿ ಆಗುವ ಇಳಿಕೆಯನ್ನು ಸರಿದೂಗಿಸಲು ಸೆಕೆಂಡರಿಗೆ ಕೆಲವು ಸುತ್ತುಗಳನ್ನು ಹೆಚ್ಚಾಗಿ ಹಾಕಿರುವುದರಿಂದ ಲೋಡಿಲ್ಲದಾಗ ಅಂಕಿ ಶೇಕಡಾ ಹತ್ತರಷ್ಟು ಮೇಲಿರುವುದು ಸಹಜ. ಎರಡು ಸೆಕೆಂಡರಿಗಳ ಅಂಕಿಗಳನ್ನು ಹೋಲಿಸಿ ಬರೆದಿಟ್ಟುಕೊಳ್ಳಬೇಕು, ಸಮಾಂತರ ಜೋಡಣೆಗೆ ಅದು ಬೇಕಾಗುತ್ತದೆ.

ಈಗ ಸರಬರಾಜನ್ನು ಆರಿಸಿ, ‘ಅ’ದ ಒಂದು ತುದಿಯನ್ನು ‘ಆ’ದ ಯಾವುದಾದರೂ ಒಂದು ತುದಿಗೆ ಸೇರಿಸಿ, ಮತ್ತೆ ‘ಅ’ಗೆ ಮಾತ್ರ 12 ವೋಲ್ಟ್ ಕೊಟ್ಟು, ಸೇರಿಸದೆ ಉಳಿದ ಎರಡು ತುದಿಗಳ ನಡುವೆ ಅಳೆಯಬೇಕು. 24 ವೋಲ್ಟ್ ಬಂದರೆ ಸುರುಳಿಗಳು ಒಂದಕ್ಕೊಂದು ಕೂಡಿಕೊಳ್ಳುತ್ತಿವೆ: ‘ಅ’ದ ಬಿಡಿ ತುದಿಗೆ ಚುಕ್ಕೆ ಇಟ್ಟರೆ, ‘ಆ’ದಲ್ಲಿ ಚುಕ್ಕೆ ಇಡಬೇಕಾದದ್ದು ಸೇರಿಸಿದ ತುದಿಗೆ. ಸೊನ್ನೆಯ ಹತ್ತಿರ ಬಂದರೆ ಅವು ವಿರೋಧಿಸುತ್ತಿವೆ: ಎರಡೂ ಬಿಡಿ ತುದಿಗಳಿಗೇ ಚುಕ್ಕೆ ಇಡಬೇಕು.

ಅದೇ ವಿಧಾನದಿಂದ ಸೆಕೆಂಡರಿಗಳನ್ನೂ ಒಂದೊಂದಾಗಿ ನೋಡಬಹುದು. ‘ಅ’ದ ಚುಕ್ಕೆಯಿಲ್ಲದ ತುದಿಗೆ ಸೆಕೆಂಡರಿಯ ಒಂದು ತುದಿಯನ್ನು ಸೇರಿಸಿ, ‘ಅ’ದ ಚುಕ್ಕೆಯ ತುದಿಗೂ ಸೆಕೆಂಡರಿಯ ಬಿಡಿ ತುದಿಗೂ ನಡುವೆ ಅಳೆದಾಗ 13.4 ವೋಲ್ಟ್ ಬಂದರೆ ಸೇರಿಸಿದ ತುದಿ ಚುಕ್ಕೆಯದು, 10.6 ವೋಲ್ಟ್ ಬಂದರೆ ಬಿಡಿ ತುದಿ ಚುಕ್ಕೆಯದು. ಪರೀಕ್ಷೆ ಮುಗಿದ ಕೂಡಲೇ ಪ್ರೈಮರಿಗೂ ಸೆಕೆಂಡರಿಗೂ ಮಾಡಿದ ಈ ತಾತ್ಕಾಲಿಕ ಸಂಪರ್ಕವನ್ನು ಬಿಚ್ಚಿಡಬೇಕು. ಅದು ಉಳಿದರೆ ಟ್ರಾನ್ಸ್‌ಫಾರ್ಮರ್ ಕೊಡಬೇಕಾದ ರಕ್ಷಣೆ ಇಲ್ಲವಾಗುತ್ತದೆ. ಪ್ರತಿ ಚುಕ್ಕೆಯ ತಂತಿಗೂ ಟೇಪಿನ ಗುರುತು ಹಾಕಬೇಕು.

ಎಸಿ ಮೂಲ ಸಿಗದಿದ್ದರೆ 1.5 ವೋಲ್ಟ್‌ನ ಶುಷ್ಕಕೋಶದಿಂದಲೂ ಈ ಕೆಲಸ ಸಾಗುತ್ತದೆ. ಪ್ರೈಮರಿಯ ಒಂದು ತುದಿಗೆ ಕೋಶದ ಋಣವನ್ನು ಕಟ್ಟಿ, ಇನ್ನೊಂದು ತುದಿಗೆ ಧನವನ್ನು ಮುಟ್ಟಿಸಿದ ಕ್ಷಣದಲ್ಲಿ ಬೇರೊಂದು ಸುರುಳಿಗೆ ಕಟ್ಟಿದ ಡಿಸಿ ಮೀಟರಿನ ಮುಳ್ಳು ಯಾವ ಕಡೆಗೆ ಜಿಗಿಯುತ್ತದೆ ಎಂದು ನೋಡಬೇಕು. ಧನದ ಕಡೆಗೆ ಜಿಗಿದರೆ, ಕೋಶದ ಧನ ಮುಟ್ಟಿದ ತುದಿ ಮತ್ತು ಮೀಟರಿನ ಧನ ಪ್ರೋಬ್ ಇರುವ ತುದಿ ಎರಡೂ ಒಂದೇ ಬಗೆಯವು. ಬಿಡಿಸುವಾಗ ಮುಳ್ಳು ತದ್ವಿರುದ್ಧ ದಿಕ್ಕಿಗೆ ಜಿಗಿಯುವುದರಿಂದ ಮುಟ್ಟಿಸುವ ಕ್ಷಣವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮುಳ್ಳಿನ ಮೀಟರ್ ಇದಕ್ಕೆ ಉತ್ತಮ. ಡಿಜಿಟಲ್ ಮೀಟರಿನಲ್ಲಿ ಅಂಕಿ ಮಿಂಚಿ ಮಾಯವಾಗುತ್ತದೆ. ಬಿಡಿಸುವಾಗ ಬೆರಳುಗಳು ಬರಿಯ ತಂತಿಗೆ ತಾಗದಿರಲಿ, ಕೋಶ ಚಿಕ್ಕದಾದರೂ ಸುರುಳಿಯಲ್ಲಿ ಕೂಡಿದ ಶಕ್ತಿ ಚುರುಕ್ಕೆನ್ನುವ ಹೊಡೆತ ಕೊಡಬಲ್ಲದು.

ಪ್ರೈಮರಿಯ ಜೋಡಣೆ

230 ವೋಲ್ಟ್‌ಗೆ: ‘ಅ’ದ ಚುಕ್ಕೆಯ ತುದಿಗೆ ಫೇಸ್, ‘ಅ’ದ ಚುಕ್ಕೆಯಿಲ್ಲದ ತುದಿಗೂ ‘ಆ’ದ ಚುಕ್ಕೆಯ ತುದಿಗೂ ಪರಸ್ಪರ ಸಂಪರ್ಕ, ‘ಆ’ದ ಚುಕ್ಕೆಯಿಲ್ಲದ ತುದಿಗೆ ನ್ಯೂಟ್ರಲ್. 115 ವೋಲ್ಟ್‌ಗೆ: ಎರಡು ಚುಕ್ಕೆಗಳೂ ಸೇರಿ ಫೇಸ್‌ಗೆ, ಉಳಿದೆರಡು ಸೇರಿ ನ್ಯೂಟ್ರಲ್‌ಗೆ. 115 ವೋಲ್ಟ್‌ನಲ್ಲಿ ಒಂದೇ ಪ್ರೈಮರಿಯನ್ನು ಬಳಸಿದರೂ ಸೆಕೆಂಡರಿಯಲ್ಲಿ ಸರಿಯಾದ ವೋಲ್ಟೇಜೇ ಬರುತ್ತದೆಯಾದ್ದರಿಂದ ಕೆಲವರು ಇನ್ನೊಂದನ್ನು ಹಾಗೆಯೇ ಬಿಡುತ್ತಾರೆ. ಆಗ ಅರ್ಧ ತಾಮ್ರ ಮಾತ್ರ ಕೆಲಸ ಮಾಡುವುದರಿಂದ ಸುಮಾರು ಅರ್ಧ ಸಾಮರ್ಥ್ಯವನ್ನಷ್ಟೇ ಪಡೆಯಬಹುದು. ಒಂದೇ 115 ವೋಲ್ಟ್ ಸುರುಳಿಗೆ 230 ವೋಲ್ಟ್ ಕೊಡುವುದಂತೂ ಕೋರ್ ಸ್ಯಾಚುರೇಟ್ ಆಗಿ (ಇನ್ನಷ್ಟು ಫ್ಲಕ್ಸ್ ಹಿಡಿಯಲಾರದೆ) ಸುರುಳಿ ಸುಡಲು ನೇರ ದಾರಿ.

ಆವರ್ತನವನ್ನೂ ಗಮನಿಸಬೇಕು. 60 ಹರ್ಟ್ಸ್‌ಗೆ ಮಾತ್ರ ಎಂದು ಬರೆದ ಟ್ರಾನ್ಸ್‌ಫಾರ್ಮರನ್ನು ಅದೇ ವೋಲ್ಟೇಜಿನಲ್ಲಿ 50 ಹರ್ಟ್ಸ್‌ಗೆ ಹಾಕಿದರೆ ಕೋರ್‌ನ ಫ್ಲಕ್ಸ್ ಶೇಕಡಾ 20 ಏರುತ್ತದೆ, ಬಿಸಿಯೂ ಗುಂಯ್‌ಗುಡುವ ಸದ್ದೂ ಏರುತ್ತವೆ. 50 ಹರ್ಟ್ಸ್‌ನದನ್ನು 60ರಲ್ಲಿ ಬಳಸಲು ತೊಂದರೆಯಿಲ್ಲ.

ಫ್ಯೂಸ್ ಫೇಸ್ ತಂತಿಯಲ್ಲಿರಬೇಕು ಮತ್ತು ನಿಧಾನವಾಗಿ ಕರಗುವ ಬಗೆಯದಾಗಿರಬೇಕು. ಸ್ವಿಚ್ ಹಾಕಿದ ಕ್ಷಣದಲ್ಲಿ ಪೂರ್ಣ ಲೋಡಿನ ಹತ್ತು ಪಟ್ಟು ಅಥವಾ ಅದಕ್ಕೂ ಹೆಚ್ಚಿನ ಕರೆಂಟು ಕ್ಷಣಕಾಲ ಹರಿಯಬಹುದು, ಟೊರಾಯ್ಡ್ (ಬಳೆಯಾಕಾರದ ಕೋರ್‌ನ) ಬಗೆಯಲ್ಲಿ ಇದು ಇನ್ನೂ ಜೋರು. ಬೇಗ ಕರಗುವ ಫ್ಯೂಸ್ ಹಾಕಿದವರು ಅದು ಮತ್ತೆ ಮತ್ತೆ ಹೋಗುವುದನ್ನು ಕಂಡು ಬೇಸತ್ತು ದೊಡ್ಡ ಫ್ಯೂಸ್ ಹಾಕುತ್ತಾರೆ, ಅಲ್ಲಿಗೆ ರಕ್ಷಣೆ ಮುಗಿಯಿತು. ನಮ್ಮ ಉದಾಹರಣೆಗೆ 230 ವೋಲ್ಟ್‌ನಲ್ಲಿ 315 ಮಿಲಿ ಆಂಪಿಯರ್‌ನ ನಿಧಾನದ ಫ್ಯೂಸ್ ಸೂಕ್ತ. ಕೋರ್ ಮತ್ತು ಲೋಹದ ಪೆಟ್ಟಿಗೆ ಎರಡೂ ಅರ್ಥ್‌ಗೆ ಸೇರಿರಬೇಕು.

ಸೆಕೆಂಡರಿಯ ಜೋಡಣೆ

ಸರಣಿಯಲ್ಲಿ ವೋಲ್ಟೇಜುಗಳು ಕೂಡುತ್ತವೆ, ಕರೆಂಟು ಅಷ್ಟೇ ಉಳಿಯುತ್ತದೆ: 24 ವೋಲ್ಟ್, 2 ಆಂಪಿಯರ್. ಬೇರೆ ಬೇರೆ ವೋಲ್ಟೇಜಿನ ಸುರುಳಿಗಳನ್ನೂ ಹೀಗೆ ಸೇರಿಸಬಹುದು. 12 ವೋಲ್ಟ್ ಮತ್ತು 5 ವೋಲ್ಟ್‌ನ ಸುರುಳಿಗಳಿಂದ 17 ವೋಲ್ಟನ್ನೂ, ಬೇಕೆಂದೇ ತಿರುಗಿಸಿ ಜೋಡಿಸಿದರೆ 7 ವೋಲ್ಟನ್ನೂ ಪಡೆಯಬಹುದು. ತೆಗೆದುಕೊಳ್ಳಬಹುದಾದ ಕರೆಂಟಿಗೆ ಅವುಗಳಲ್ಲಿ ತೆಳ್ಳಗಿನ ತಂತಿಯ ಸುರುಳಿಯೇ ಮಿತಿ.

ಸರಣಿಯ ನಡುವಿನ ಸಂಧಿಯಿಂದ ತಂತಿ ತೆಗೆದರೆ 12-0-12 ಆಗುತ್ತದೆ. ಇಲ್ಲಿ ಒಂದು ಮೋಸ ಅಡಗಿದೆ: ಚುಕ್ಕೆ ತಪ್ಪಿದ್ದರೂ ನಡುವಿನ ತಂತಿಯಿಂದ ಎರಡೂ ತುದಿಗಳಿಗೆ ಅಳೆದರೆ 12 ವೋಲ್ಟೇ ಕಾಣುತ್ತದೆ. ತಪ್ಪು ಬಯಲಾಗುವುದು ಎರಡು ಹೊರ ತುದಿಗಳ ನಡುವೆ ಅಳೆದಾಗ ಮಾತ್ರ. ಅಲ್ಲಿ 24ರ ಬದಲು ಸೊನ್ನೆ ಇರುತ್ತದೆ. ಹೊರ ತುದಿಗಳ ನಡುವಿನ ಅಳತೆಯನ್ನು ಬಿಟ್ಟವರು ಆಮೇಲೆ ರೆಕ್ಟಿಫೈಯರನ್ನು ದೂರುತ್ತಾ ಕೂರುತ್ತಾರೆ.

ಸಮಾಂತರ ಜೋಡಣೆಯಲ್ಲಿ 12 ವೋಲ್ಟ್, 4 ಆಂಪಿಯರ್ ಸಿಗುತ್ತದೆ, ಆದರೆ ಸುರುಳಿಗಳ ವೋಲ್ಟೇಜು ನಿಖರವಾಗಿ ಒಂದೇ ಆಗಿರಬೇಕು. 0.1 ವೋಲ್ಟ್ ವ್ಯತ್ಯಾಸವಿದ್ದರೂ 0.4 ಓಮ್‌ನ ಕುಣಿಕೆಯಲ್ಲಿ 0.25 ಆಂಪಿಯರ್ ಸುಮ್ಮನೆ ಸುತ್ತುತ್ತಲೇ ಇರುತ್ತದೆ. ಒಂದೇ ಮಾದರಿಯ ಜೋಡಿ ಸುರುಳಿಗಳೆಂದು ತಯಾರಕರೇ ಹೇಳಿದ್ದರೆ ಸರಿ. 12 ಮತ್ತು 12.6 ವೋಲ್ಟ್‌ಗಳನ್ನು ಸಮಾಂತರ ಮಾಡುವ ಆಲೋಚನೆಯೇ ಬೇಡ. ಸಮಾಂತರ ಮಾಡುವ ಮೊದಲು ಎರಡು ಚುಕ್ಕೆಯಿಲ್ಲದ ತುದಿಗಳನ್ನು ಮಾತ್ರ ಸೇರಿಸಿ, ಎರಡು ಚುಕ್ಕೆಗಳ ನಡುವಿನ ವೋಲ್ಟೇಜನ್ನು ಅಳೆಯಬೇಕು. ಅದು ಸೊನ್ನೆಯಾಗಿದ್ದರೆ ಮಾತ್ರ ಕೊನೆಯ ಸಂಪರ್ಕವನ್ನು ಕೊಡಬೇಕು. ಮೂರು ಫೇಸ್‌ಗಳ ಡೆಲ್ಟಾ (ತ್ರಿಕೋನದಂತಹ) ಜೋಡಣೆಯಲ್ಲಿ ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ಮಾಡುವ ಪರೀಕ್ಷೆಯೂ ಇದೇ ತತ್ತ್ವದ್ದು: ಅಲ್ಲಿ ಒಂದು ಸುರುಳಿ ತಿರುಗಿದ್ದರೆ ತೆರೆದ ಮೂಲೆಯಲ್ಲಿ ಸುರುಳಿಯ ವೋಲ್ಟೇಜಿನ ಎರಡರಷ್ಟು ಕಾಣುತ್ತದೆ.

ಬಳಸದ ಸುರುಳಿಯ ಎರಡು ತುದಿಗಳನ್ನು ಒಟ್ಟಿಗೆ ತಿರುಚಿ ಟೇಪ್ ಸುತ್ತುವುದು ಅಚ್ಚುಕಟ್ಟಾಗಿ ಕಂಡರೂ ಅದು ಆ ಸುರುಳಿಯನ್ನು ಶಾರ್ಟ್ ಮಾಡಿದಂತೆ. ಪ್ರತಿ ತುದಿಗೂ ಪ್ರತ್ಯೇಕ ಸ್ಲೀವ್ ಹಾಕಬೇಕು. ಬಳಸದ ಪ್ರೈಮರಿ ಟ್ಯಾಪ್‌ಗಳಲ್ಲಿ ಮೇನ್ಸ್ ಮಟ್ಟದ ವೋಲ್ಟೇಜು ಇರುತ್ತದೆಂಬುದನ್ನೂ ಮರೆಯಬಾರದು. ಟೊರಾಯ್ಡನ್ನು ಹಿಡಿದಿಡುವ ನಡುವಿನ ಬೋಲ್ಟ್ ಪೆಟ್ಟಿಗೆಯ ಕೆಳಗೂ ಮೇಲಿನ ಮುಚ್ಚಳಕ್ಕೂ ಒಟ್ಟಿಗೆ ತಾಗಿದರೆ ಅದೇ ಶಾರ್ಟ್ ಆದ ಒಂದು ಸುತ್ತಾಗುತ್ತದೆ.

ರೆಕ್ಟಿಫೈಯರ್ ಮತ್ತು ಕೆಪಾಸಿಟರ್ ಹಾಕುವವರು ಕರೆಂಟಿನ ಲೆಕ್ಕವನ್ನು ಬೇರೆಯಾಗಿ ಮಾಡಬೇಕು. ಬ್ರಿಡ್ಜ್ (ನಾಲ್ಕು ಡಯೋಡ್‌ಗಳ ರೆಕ್ಟಿಫೈಯರ್) ಬಳಸಿದಾಗ ಡಿಸಿ ವೋಲ್ಟೇಜು ಎಸಿಯ 1.41 ಪಟ್ಟಿನ ಕಡೆಗೆ ಏರುತ್ತದೆಯಾದರೂ, ಪಡೆಯಬಹುದಾದ ಡಿಸಿ ಕರೆಂಟು ಸುರುಳಿಯ ಎಸಿ ಕರೆಂಟಿನ ಸುಮಾರು 0.62 ಪಟ್ಟು ಮಾತ್ರ. 2 ಆಂಪಿಯರ್‌ನ ಸುರುಳಿಯಿಂದ ಸುಮಾರು 1.2 ಆಂಪಿಯರ್ ಡಿಸಿ. ಲೋಡಿಲ್ಲದಾಗ 12 ವೋಲ್ಟ್‌ನ ಸುರುಳಿ 17 ವೋಲ್ಟನ್ನು ಸುಲಭವಾಗಿ ದಾಟುವುದರಿಂದ 16 ವೋಲ್ಟ್‌ನ ಕೆಪಾಸಿಟರ್ ಇಲ್ಲಿ ಸಾಲದು, 25 ವೋಲ್ಟ್‌ನದು ಬೇಕು. ಸೆಕೆಂಡರಿಗೂ ಸ್ವಂತ ಫ್ಯೂಸ್ ಇರುವುದು ಒಳ್ಳೆಯದು, ಏಕೆಂದರೆ ಹಲವು ಸೆಕೆಂಡರಿಗಳಲ್ಲಿ ಒಂದಕ್ಕೆ ಮಾತ್ರ ಲೋಡ್ ಹೆಚ್ಚಾದಾಗ ಪ್ರೈಮರಿಯ ಫ್ಯೂಸ್‌ಗೆ ಅದು ಗೊತ್ತಾಗದೆ ಇರಬಹುದು.

ಮೊದಲ ಬಾರಿ ಮೇನ್ಸ್‌ಗೆ

ಸೆಕೆಂಡರಿಗಳಿಗೆ ಏನನ್ನೂ ಕಟ್ಟದೆ, ಪ್ರೈಮರಿಯ ದಾರಿಯಲ್ಲಿ 60 ವ್ಯಾಟ್‌ನ ಫಿಲಮೆಂಟ್ ಬಲ್ಬನ್ನು ಸರಣಿಯಲ್ಲಿ ಹಾಕಿ ಸ್ವಿಚ್ ಒತ್ತಬೇಕು. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು. ಬಲ್ಬು ಒಮ್ಮೆ ಮಿಂಚಿ ಮಂಕಾದರೆ ಅಥವಾ ಆರಿದರೆ ಜೋಡಣೆ ಸರಿಯಾಗಿದೆ. ಪೂರ್ಣ ಬೆಳಕಿನಿಂದ ಉರಿಯುತ್ತಲೇ ಇದ್ದರೆ ಕೂಡಲೇ ಆರಿಸಿ ಪ್ಲಗ್ ಕಿತ್ತು ಚುಕ್ಕೆಗಳನ್ನು ಮತ್ತೆ ಪರೀಕ್ಷಿಸಬೇಕು; ಆ ತಪ್ಪಿನ ಕರೆಂಟನ್ನು ಈ ಹೊತ್ತು ಬಲ್ಬು ತಡೆದಿದೆ. ಸರಿಯಾಗಿದ್ದರೆ ಸೆಕೆಂಡರಿ ವೋಲ್ಟೇಜುಗಳನ್ನು ಅಳೆದು, ಬಲ್ಬ್ ತೆಗೆದು, ನೇರವಾಗಿ ಮೇನ್ಸ್‌ಗೆ ಜೋಡಿಸಿ ಮತ್ತೊಮ್ಮೆ ಅಳೆಯಬೇಕು. ಪ್ರತಿ ಬದಲಾವಣೆಗೂ ಮುನ್ನ ಪ್ಲಗ್ ಹೊರಗಿರಬೇಕು, ಸ್ವಿಚ್ ಆರಿಸಿದರೆ ಸಾಲದು.

ಕೊನೆಗೆ ಪೂರ್ಣ ಲೋಡಿನಲ್ಲಿ ಉಷ್ಣತೆಯ ಪರೀಕ್ಷೆ. ತಣ್ಣಗಿರುವಾಗ ಪ್ರೈಮರಿಯ ರೋಧವನ್ನು ಬರೆದುಕೊಂಡು, ಬಿಸಿ ಏರುವುದು ನಿಲ್ಲುವವರೆಗೆ, ಅಂದರೆ ಕೆಲವು ತಾಸು, ಲೋಡಿನಲ್ಲಿ ಓಡಿಸಿ, ಪ್ಲಗ್ ಕಿತ್ತ ಕೂಡಲೇ ಮತ್ತೆ ಅಳೆಯಬೇಕು. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇಕಡಾ 0.39 ಏರುತ್ತದೆ. 40 ಓಮ್ ಇದ್ದದ್ದು 48 ಆಗಿದ್ದರೆ ಏರಿಕೆ ಶೇಕಡಾ 20, ಅಂದರೆ ಸುರುಳಿ ಸುಮಾರು 50 ಡಿಗ್ರಿ ಬಿಸಿಯಾಗಿದೆ. ಸುತ್ತಲಿನ ತಾಪ 30 ಡಿಗ್ರಿ ಇದ್ದರೆ ಸುರುಳಿಯ ಸರಾಸರಿ ತಾಪ 80 ಡಿಗ್ರಿ. ಎ ವರ್ಗದ ಇನ್ಸುಲೇಶನ್ನಿನ ಮಿತಿ 105 ಡಿಗ್ರಿ, ಬಿ ವರ್ಗದ್ದು 130 ಡಿಗ್ರಿ. ಸುರುಳಿಯ ಒಳಭಾಗ ಸರಾಸರಿಗಿಂತ ಇನ್ನಷ್ಟು ಬಿಸಿಯಾಗಿರುವುದರಿಂದ, ಲೆಕ್ಕ ಈ ಮಿತಿಗೆ ಹತ್ತಿರ ಬಂದರೆ ಲೋಡ್ ಇಳಿಸಬೇಕು ಅಥವಾ ದೊಡ್ಡ ಟ್ರಾನ್ಸ್‌ಫಾರ್ಮರ್ ಹಾಕಬೇಕು.